ಹೆಸರಿಲ್ಲದ ಸಾಲುಗಳನ್ನು ಓದಲು ಕಲಿತ ಬಗೆ

ಸಂಖ್ಯಾಶಾಸ್ತ್ರ ಓದಲು ಅಮೆರಿಕಕ್ಕೆ ಹೋಗಿದ್ದ ನಾನು ಕಪ್ಪು ಜನರ ಇತಿಹಾಸ ಮತ್ತು ಸಂಸ್ಕೃತಿಯನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡಾಗ, ಅದರಿಂದ ಏನು ಪ್ರಯೋಜನ ಎಂದು ಕೇಳದವರಿಲ್ಲ. ಒಂದು ಕೋಷ್ಟಕವನ್ನು ಯಾರು, ಯಾತಕ್ಕಾಗಿ ತುಂಬಿದರು ಎಂದು ವಿಚಾರಿಸುವುದನ್ನು ನನ್ನ ಸ್ವಂತ ವಿಭಾಗಕ್ಕಿಂತ ಚೆನ್ನಾಗಿ ಆ ತರಗತಿಯೇ ಕಲಿಸಿತು ಎಂಬುದು ನನ್ನ ಉತ್ತರ.

ಈ ವಿಷಯ ವಿಶ್ವವಿದ್ಯಾಲಯಗಳಿಗೆ ತಾನಾಗಿ ಬಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು 1968ರ ನವೆಂಬರಿನಿಂದ ತಿಂಗಳುಗಟ್ಟಲೆ ಮುಷ್ಕರ ನಡೆಸಿ ಇದಕ್ಕೊಂದು ಪ್ರತ್ಯೇಕ ವಿಭಾಗ ನೆಲೆಗೊಳ್ಳುವಂತೆ ಮಾಡಿದರು.

ನಮಗೆ ಕೊಟ್ಟ ಕೆಲಸ, 1860ರ ಜನಗಣತಿಯ ಗುಲಾಮರ ಪಟ್ಟಿಯಿಂದ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪುಟಗಳನ್ನು ಓದುವುದು. ಮೊದಲ ಅಂಕಣದಲ್ಲಿ ಒಡೆಯನ ಹೆಸರು. ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ, ಓಡಿಹೋದವರೇ, ಬಿಡುಗಡೆಯಾದವರೇ ಎಂಬ ವಿವರಗಳಿದ್ದರೂ ಆ ಮನುಷ್ಯರ ಹೆಸರುಗಳಿಲ್ಲ. ವರ್ಷ ತುಂಬದ ಕೂಸಿನ ವಯಸ್ಸನ್ನು ಹನ್ನೆರಡರ ಭಿನ್ನರಾಶಿಯಲ್ಲಿ ಬರೆಯುವಷ್ಟು ಕರಾರುವಾಕ್ಕಾದ ಗುಮಾಸ್ತನಿಗೆ ಅದರ ತಾಯಿ ಯಾರೆಂಬುದು ಬೇಕಿರಲಿಲ್ಲ. ಸಂಸತ್ತಿನ ಸ್ಥಾನ ಹಂಚಿಕೆಗೆ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿಯುತ್ತಿದ್ದ ಸಂವಿಧಾನಕ್ಕೆ ಬೇಕಿದ್ದದ್ದು ತಲೆಯೆಣಿಕೆ ಮಾತ್ರ. ನಾನು ಓದಿದ ಪುಟಗಳಲ್ಲಿ ದೊಡ್ಡವರ ವಯಸ್ಸು 20, 30, 40ರ ಸುತ್ತ ಗುಂಪುಗೂಡಿತ್ತು. ಇದನ್ನು ಅಳೆಯುವ ಸೂತ್ರ ನನಗೆ ಗೊತ್ತಿತ್ತು, ಆದರೆ ಆ ಅಂದಾಜು ಬಹುಮಟ್ಟಿಗೆ ಒಡೆಯನ ಬಾಯಿಂದ ಬಂದದ್ದೆಂದು ತಿಳಿದದ್ದು ಇಲ್ಲಿ.

ಮುಂದಿನ ಹಂತದಲ್ಲಿ, ಬಿಡುಗಡೆಯಾದವರು ಹೆಸರಿನೊಂದಿಗೆ ಕಾಣಿಸಿಕೊಳ್ಳುವ 1870ರ ಗಣತಿಯನ್ನು ಪಕ್ಕಕ್ಕಿಟ್ಟುಕೊಂಡು, ಹತ್ತು ವರ್ಷ ಹೆಚ್ಚು ವಯಸ್ಸಿನವರನ್ನು ಅದೇ ಕೌಂಟಿಯಲ್ಲಿ ಹುಡುಕಿದೆ. ಎಲ್ಲರೂ ಹಳೆಯ ಒಡೆಯನ ಮನೆತನದ ಹೆಸರನ್ನೇ ಇಟ್ಟುಕೊಳ್ಳಲಿಲ್ಲವಾದ್ದರಿಂದ ಅದನ್ನು ನೆಚ್ಚುವಂತಿರಲಿಲ್ಲ. ಒಂದೇ ಮನೆಯಲ್ಲಿದ್ದವರ ನಡುವಿನ ಸಂಬಂಧವನ್ನು ಆ ಗಣತಿಯೂ ದಾಖಲಿಸಿಲ್ಲ. ಆ ಕೊರತೆಯನ್ನು ಅಲ್ಲಲ್ಲಿ ತುಂಬಿಕೊಟ್ಟದ್ದು 1865ರಲ್ಲಿ ಹುಟ್ಟಿ 1874ರಲ್ಲಿ ಮುಳುಗಿದ, ಬಿಡುಗಡೆಯಾದ ಗುಲಾಮರ ಉಳಿತಾಯಕ್ಕೆಂದೇ ಇದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳು. ಬಹಳಷ್ಟು ಠೇವಣಿದಾರರ ಹಣ ಹೋಯಿತು; ಅವರು ಗುಮಾಸ್ತನೆದುರು ಹೇಳಿದ ತಂದೆತಾಯಿ, ಒಡಹುಟ್ಟಿದವರು, ಮಕ್ಕಳ ಹೆಸರುಗಳು ಉಳಿದವು.

ಇದೇ ಕೋರ್ಸಿನಲ್ಲಿ ನಾನು 1946ರಲ್ಲಿ ಡಾ. ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ, ಸಮಾಜಶಾಸ್ತ್ರಜ್ಞ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಬರೆದ ಪತ್ರವನ್ನೂ ಓದಿದೆ. ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯಿಂದಾಗಿ ಎರಡನೆಯದರ ಅಧ್ಯಯನ ಅಗತ್ಯವೆಂದು ಅವರು ಅಲ್ಲಿ ಹೇಳುತ್ತಾರೆ. ನಮ್ಮ ಪದವಿ ತರಗತಿಗಳಲ್ಲಿ ಯಾರೂ ಈ ಪತ್ರದ ಸುದ್ದಿ ಎತ್ತದಿದ್ದದ್ದು ನನಗೆ ಈಗಲೂ ಸೋಜಿಗ.

ಕೊನೆಯ ಪ್ರಬಂಧದಲ್ಲಿ ನಾನು ಒಂದೇ ಒಂದು ಕುಟುಂಬವನ್ನು 1860ರ ಸಾಲುಗಳೊಂದಿಗೆ ಜೋಡಿಸಿ, ಎದುರಿಗೆ ‘ಸಂಭಾವ್ಯ’ ಎಂದು ಬರೆದೆ. ಸಂಭವನೀಯತೆಯನ್ನು ಸಂಖ್ಯೆಯಲ್ಲಿ ಕೊಡಬಹುದಿತ್ತಲ್ಲ ಎಂದು ಸಹಪಾಠಿಯೊಬ್ಬರು ಕೇಳಿದರು. ಒಡೆಯನ ಅಂದಾಜಿನ ಮೇಲೆ ದಶಮಾಂಶ ಬಿಂದು ಇಡಲು ನಾನು ಒಪ್ಪಲಿಲ್ಲ.