ಆಟದ ಪೀರಿಯಡ್‌ನಲ್ಲಿ ಮಕ್ಕಳ ಮನಸ್ಸನ್ನು ಅಳೆದೆ: ನನ್ನ ಅನುಭವ

"ಪಿ.ಟಿ. ಮೇಷ್ಟ್ರಿಗೆ ಸ್ಟಾಪ್‌ವಾಚ್, ಟೇಪು ಸಾಕು. ಮಕ್ಕಳ ಮನಸ್ಸನ್ನು ಅಳೆಯುವ ಉಸಾಬರಿ ಏಕೆ?" ಎಂದು ಹಿರಿಯ ಸಹೋದ್ಯೋಗಿಗಳು ಕೇಳಿದ್ದರು. ಈ ವರ್ಷ ನಂಬಬಹುದಾದ ಅಂಕಿಗಳು ಕೈಗೆ ಬಂದಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಅಳೆದದ್ದು ಪ್ರಶ್ನಾವಳಿಯ ಹಾಳೆಗಳಿಂದ. ಸ್ವಾಯತ್ತತೆ (ನಾನೇ ಆರಿಸುತ್ತೇನೆ ಎಂಬ ಭಾವ), ಸಾಮರ್ಥ್ಯ (ನನ್ನಿಂದ ಆಗುತ್ತದೆ ಎಂಬ ಭಾವ), ಒಡನಾಟ (ಜೊತೆಯವರೊಂದಿಗೆ ಬೆರೆತಿದ್ದೇನೆ ಎಂಬ ಭಾವ) ಈ ಮೂರು ಮನಸ್ಸಿನ ಅಗತ್ಯಗಳಿಗೆ ಗ್ರೀಸಿನ ಸಂಶೋಧಕರಾದ ವ್ಲಾಕೋಪೌಲೋಸ್ ಮತ್ತು ಮಿಖೈಲಿಡೌ 2006ರಲ್ಲಿ ಪ್ರಕಟಿಸಿದ 12 ಹೇಳಿಕೆಗಳ ಪಟ್ಟಿ ಬಳಸಿದೆ. ಪ್ರೇರಣೆಗೆ, ಅಂದರೆ ಮಕ್ಕಳು ಆಟಕ್ಕೆ ಬರುವುದೇಕೆ ಎಂಬುದಕ್ಕೆ, ಸಂಶೋಧಕರಾದ ಗೌಡಾಸ್, ಬಿಡಲ್, ಫಾಕ್ಸ್ 1994ರಲ್ಲಿ ಬಳಸಿದ, ಒಪ್ಪಿಗೆಯನ್ನು ಒಂದರಿಂದ ಏಳರವರೆಗೆ ಗುರುತಿಸುವ ಮಾದರಿ. ಹೋದ ವರ್ಷದ ಸುತ್ತು ಪೂರಾ ನೀರಿನಲ್ಲಿ ಹೋಮವಾಯಿತು. 8 ಮತ್ತು 9ನೇ ತರಗತಿಯ ಸುಮಾರು 180 ಮಕ್ಕಳಿಗೆ ತಲಾ ಮೂರು ಹಾಳೆ ಜೆರಾಕ್ಸ್. ಸಾವಿರ ರೂಪಾಯಿಗೂ ಮೇಲೆ ನನ್ನ ಜೇಬಿನಿಂದಲೇ ಹೋಯಿತು. ಮುಕ್ಕಾಲು ಪಾಲು ಮಕ್ಕಳು ಮೇಲಿನಿಂದ ಕೆಳಗಿನವರೆಗೆ ಏಳಕ್ಕೇ ಗುರುತು ಹಾಕಿದ್ದರು. ಆಟ ಖುಷಿ ಕೊಡುತ್ತದೆ ಎಂಬುದಕ್ಕೂ ಏಳು, ಈ ಪೀರಿಯಡ್ ದಂಡ ಎಂಬುದಕ್ಕೂ ಏಳು! ಸೀಟಿ ಹಿಡಿದು ಎದುರಿಗೆ ನಿಂತ ಮೇಷ್ಟ್ರಿಗೆ ಯಾವ ಮಗು ತಾನೇ ಬೇಸರ ಎಂದು ಬರೆದುಕೊಟ್ಟೀತು?

ಈ ಜೂನ್‌ನಲ್ಲಿ ನಾನು ಕೋಣೆಯೊಳಗೆ ಕಾಲಿಡಲಿಲ್ಲ. ಬೇರೆ ವಿಭಾಗದ ಹುಡುಗಿಯೊಬ್ಬಳು ಒಂದೊಂದೇ ಹೇಳಿಕೆಯನ್ನು ಗಟ್ಟಿಯಾಗಿ ಓದಿದಳು. ಅಂಕಿಗಳ ಬದಲು ಕಡಲೆ ಗಾತ್ರದಿಂದ ನೆಲ್ಲಿಕಾಯಿ ಗಾತ್ರದವರೆಗೆ ಐದು ವೃತ್ತ. ಹೆಸರಿಲ್ಲದ ಅರ್ಧ ಹಾಳೆ, ಬೀಗ ಹಾಕಿದ ಡಬ್ಬ. ಖರ್ಚು ಇನ್ನೂರರ ಆಸುಪಾಸು. 0.5ರಲ್ಲಿ ಕುಂಟುತ್ತಿದ್ದ ಆಲ್ಫಾ (ಒಂದೇ ವಿಷಯದ ಹೇಳಿಕೆಗಳಿಗೆ ಬಂದ ಉತ್ತರಗಳು ಎಷ್ಟು ತಾಳೆಯಾಗುತ್ತವೆ ಎಂಬ ಅಳತೆ; ಒಂದಕ್ಕೆ ಹತ್ತಿರವಾದಷ್ಟೂ ತಾಳೆ ಹೆಚ್ಚು) 0.8ರ ಹತ್ತಿರ ಬಂತು. ಜೂನ್ ಮತ್ತು ಡಿಸೆಂಬರ್ ಹಾಳೆಗಳನ್ನು ಮಕ್ಕಳೇ ಇಟ್ಟುಕೊಂಡ ಗುರುತಿನಿಂದ ಜೋಡಿಸಿದೆ. ಆ ಗುರುತು ಯಾವುದೆಂದು ಇಲ್ಲಿ ಬರೆದರೆ ಅದರ ಉಪಯೋಗವೇ ಹೋಗುತ್ತದೆ.

ಜೂನ್‌ನಲ್ಲಿ ಸ್ವಾಯತ್ತತೆಯ ಸರಾಸರಿ ಐದಕ್ಕೆ ಎರಡೂವರೆ ದಾಟಿರಲಿಲ್ಲ. ಕಬಡ್ಡಿ ತಂಡದ ಹುಡುಗರ ಸಾಮರ್ಥ್ಯ ನಾಲ್ಕರ ಮೇಲೆ. ಹೋಬಳಿ ಕ್ರೀಡಾಕೂಟಕ್ಕೆ ಆಯ್ಕೆಯಾಗದ ಹುಡುಗಿಯರ ಒಡನಾಟದ ಅಂಕಿ ನೋಡಿ ಸಂಕಟವಾಯಿತು. ವಾರಕ್ಕೆ ಒಂದು ಪೀರಿಯಡ್ ಕೊಕ್ಕೊ, ಥ್ರೋಬಾಲ್, ಲಗೋರಿಗಳಲ್ಲಿ ಯಾವುದೆಂದು ಅವರೇ ತೀರ್ಮಾನಿಸಲಿ ಎಂದು ಬಿಟ್ಟೆ. ಡಿಸೆಂಬರ್ ಹೊತ್ತಿಗೆ ಸ್ವಾಯತ್ತತೆ ಮೂರೂಕಾಲಿಗೆ ಏರಿತ್ತು. ನನಗೆ ತಿಳಿದಂತೆ ನಮ್ಮ ತಾಲೂಕಿನಲ್ಲಿ ಇದನ್ನು ಮಾಡಿ ತೋರಿಸಿದವರು ಬೇರೆ ಯಾರೂ ಇಲ್ಲ.

ಪಕ್ಕದಲ್ಲೇ ಇನ್ನೊಂದು ಲೆಕ್ಕ ಇಟ್ಟಿದ್ದೆ. "ಹೊಟ್ಟೆನೋವು ಸಾರ್" ಎಂದು ಬೇವಿನ ಮರದಡಿ ಕೂರುವವರನ್ನು ಎಣಿಸಿ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಹಾಳೆಯಲ್ಲಿ ಅಂಕಿ ಕಡಿಮೆಯಿದ್ದ ವಿಭಾಗದಲ್ಲೇ ಕೂರುವವರೂ ಹೆಚ್ಚು. ಹತ್ತು ಹನ್ನೆರಡು ಇದ್ದವರು ನಾಲ್ಕೈದಕ್ಕೆ ಇಳಿದರು. ಹಾಳೆಯ ಮೇಲೆ ನನಗೆ ಧೈರ್ಯ ಬಂದದ್ದು ಇದರಿಂದಲೇ.

10ನೇ ತರಗತಿಯನ್ನು ಮಾತ್ರ ಅಳೆಯಲಾಗಲಿಲ್ಲ. ದಸರೆ ಕಳೆದರೆ ಅವರ ಆಟದ ಪೀರಿಯಡ್ ಗಣಿತದ ಪಾಲು. ಬರುವ ಜೂನ್‌ನಲ್ಲಿ ಮೊದಲು ಅವರಿಂದಲೇ ಆರಂಭಿಸುತ್ತೇನೆ.