ಇಂಗ್ಲಿಷ್ ಅರ್ಜಿಯಲ್ಲಿ ಕಳ್ಳನನ್ನು ಏನಂತ ಬರೆಯಬೇಕು?

ಕೋರ್ಟ್ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಪೊಲೀಸ್ ದೂರನ್ನು ಕನ್ನಡದಲ್ಲೇ ಕೊಡಿ, ಅದೇ ಒಳ್ಳೆಯದು. ಇನ್ಶೂರೆನ್ಸ್‌ಗೆ ಇಂಗ್ಲಿಷ್ ಪತ್ರ ಬೇಕಾದಾಗ ಜನ ನನ್ನ ಹತ್ತಿರ ಬರುತ್ತಾರೆ. ಅವರು ಬರೆದು ತಂದದ್ದರಲ್ಲಿ ಬಹಳ ಸಲ 'ಮನೆಗೆ ಥೆಫ್ಟ್ ಬಂದಿದ್ದ' ಅಂತ ಇರುತ್ತದೆ. ಥೆಫ್ಟ್ ಅಂದರೆ ಕಳ್ಳತನ. ಬಂದವನು ಥೀಫ್. ಇಬ್ಬರು ಬಂದಿದ್ದರೆ ಥೀವ್ಸ್, 'ಥೀಫ್ಸ್' ಅಲ್ಲ.

ಗೊತ್ತಾಗದ ಹಾಗೆ ಕದ್ದವನಿಗೆ ಥೀಫ್ ಸಾಕು. ನಿಲ್ಲಿಸಿದ್ದ ಬೈಕ್ ಹೋದರೂ ಅದೇ. ಜೇಬುಗಳ್ಳ ಪಿಕ್‌ಪಾಕೆಟ್, 'ಪಿಕ್‌ಪಾಕೆಟರ್' ಅಂತ ಬರೆಯಬೇಡಿ. ಹೊಡೆದೋ ಚಾಕು ತೋರಿಸಿಯೋ ಕಿತ್ತುಕೊಂಡವನು ರಾಬರ್, ಪೊಲೀಸರ ಭಾಷೆಯಲ್ಲಿ ಸುಲಿಗೆ ಕೇಸು. ಐದು ಅಥವಾ ಜಾಸ್ತಿ ಜನ ಸೇರಿ ಸುಲಿದರೆ ಮಾತ್ರ ಕಾನೂನಿನಲ್ಲಿ ಡಕಾಯಿತಿ. ಸರಗಳವಿಗೆ ಈಗ ಬೇರೆ ಕಲಂ ಇದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304, ಸ್ನ್ಯಾಚಿಂಗ್.

ಜಾಸ್ತಿ ಹುಷಾರಾಗಿರಬೇಕಾದ್ದು ಬರ್ಗ್ಲರ್ ವಿಷಯದಲ್ಲಿ. ಇವನು ಕನ್ನಗಳ್ಳ, ಮನೆಗೋ ಅಂಗಡಿಗೋ ನುಗ್ಗಿ ಕದಿಯುವವನು. ಬರ್ಗ್ಲರಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬಲವಂತವಾಗಿ ಒಳನುಗ್ಗಿರಬೇಕು ಎಂಬ ಷರತ್ತು ಇರುತ್ತದೆ. ಷರತ್ತು ಹಾಗಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಇಲ್ಲ ಅಂತ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಬೀಗ ಒಡೆದಿದ್ದರೆ, ಕಿಟಕಿ ಸರಳು ಬಗ್ಗಿಸಿದ್ದರೆ ಅದನ್ನು ಪತ್ರದ ಮೊದಲ ಪ್ಯಾರಾದಲ್ಲೇ ಬರೆಯಿರಿ, ಫೋಟೊ ಇಡಿ. ಬಾಗಿಲು ತೆರೆದೇ ಇತ್ತು ಅಂದರೆ ಬರ್ಗ್ಲರ್ ಅಂತ ಬರೆದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಸುಳ್ಳು ಸೇರಿಸಿ ಟೈಪ್ ಮಾಡಿ ಅನ್ನುವವರಿಗೆ ನಾನು ಪಕ್ಕದ ಅಂಗಡಿ ತೋರಿಸುತ್ತೇನೆ.

ಕ್ರಿಯಾಪದದಲ್ಲೂ ಎಡವಬೇಡಿ. ಸ್ಟೀಲ್ ವಸ್ತುವಿಗೆ, ರಾಬ್ ಮನುಷ್ಯನಿಗೆ ಇಲ್ಲವೇ ಬ್ಯಾಂಕಿನಂಥ ಜಾಗಕ್ಕೆ. 'ಹಿ ಸ್ಟೋಲ್ ಮೈ ಚೈನ್' ಸರಿ, 'ಹಿ ರಾಬ್ಡ್ ಮಿ' ಸರಿ. 'ಹಿ ಸ್ಟೋಲ್ ಮಿ' ಅಂದರೆ ನಿಮ್ಮನ್ನೇ ಹೊತ್ತುಕೊಂಡು ಹೋದ ಅಂತಾಯಿತು, ಅಲ್ವಾ?

ಕದ್ದವರು ಯಾರೋ ಗೊತ್ತಿಲ್ಲದಿದ್ದರೆ 'ಅನ್‌ನೋನ್ ಪರ್ಸನ್' ಅನ್ನಿ. ಪಕ್ಕದ ಮನೆಯವನ ಮೇಲೆ ಗುಮಾನಿ ಇದ್ದರೆ 'ಐ ಸಸ್ಪೆಕ್ಟ್' ಅಂತ ಬರೆದು, ಯಾಕೆ ಅನ್ನುವುದನ್ನೂ ಹೇಳಿ. ಅವನ ಹೆಸರಿನ ಮುಂದೆ ಥೀಫ್ ಅಂತ ಮಾತ್ರ ಹಾಕಿಸಬೇಡಿ.