ಊರ ಹೊಳೆಗೆ ದಾರಿ, ಹೊಳೆಯ ಜೀವಿಗಳಿಗೆ ನೆಲೆ: ದಂಡೆಯನ್ನು ಸಜ್ಜುಗೊಳಿಸುವ ಕ್ರಮ

ಶಿವಮೊಗ್ಗದಲ್ಲಿ ಮಳೆ ಜೋರಾದಾಗ ಜನ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, ಕೋರ್ಪಲಯ್ಯ ಛತ್ರದ ಬಳಿಯ ಮಂಟಪ ಮುಳುಗಿತೇ ಎಂಬುದು. ತುಂಗೆಯಲ್ಲಿ ನಿಂತಿರುವ ಆ ಕಲ್ಲಿನ ಮಂಟಪವೇ ಆ ಊರಿಗೆ ಪ್ರವಾಹದ ಅಳತೆಗೋಲು. ಊರಿನ ಹೊಳೆಯ ದಂಡೆಯಲ್ಲಿ ಜನರಿಗೆ ಓಡಾಡಲು ದಾರಿಯನ್ನೂ ಹಕ್ಕಿ, ಮೀನು, ನೀರುನಾಯಿಗಳಿಗೆ ನೆಲೆಯನ್ನೂ ಮಾಡಿಕೊಡಲು ಹೊರಟ ನಾಗರಿಕ ಸಮಿತಿಯಾಗಲಿ ನಗರಸಭೆಯಾಗಲಿ, ಕೆಲಸವನ್ನು ಆರಂಭಿಸಬೇಕಾದದ್ದು ಇಂಥ ಗುರುತುಗಳಿಂದ. ಗುತ್ತಿಗೆದಾರರ ಬಣ್ಣದ ಚಿತ್ರಗಳಲ್ಲಿ ಹೊಳೆ ಯಾವಾಗಲೂ ಒಂದೇ ಮಟ್ಟದಲ್ಲಿ ನೀಲಿಯಾಗಿ ನಿಂತಿರುತ್ತದೆ. ನಮ್ಮ ಹೊಳೆಗಳಾವುವೂ ಹಾಗೆ ನಿಲ್ಲುವುದಿಲ್ಲ. ಇಲ್ಲಿ ತುಂಗೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೇಳಿದ ಕ್ರಮವನ್ನು ಹರಿಹರ, ನಂಜನಗೂಡು, ಹುಣಸೂರಿನಂಥ ಇತರ ಹೊಳೆದಂಡೆಯ ಊರುಗಳೂ ತಮ್ಮ ನೆಲಕ್ಕೆ ಹೊಂದಿಸಿಕೊಳ್ಳಬಹುದು.

ಎರಡು ಋತುಗಳಲ್ಲಿ ನಡೆದು ನೋಡುವುದು

ಊರಿನ ಮೇಲ್ತುದಿಯಿಂದ ಕೆಳತುದಿಯವರೆಗೆ ದಂಡೆಯುದ್ದಕ್ಕೂ ಎರಡು ಬಾರಿ ನಡೆಯಬೇಕು: ನೀರು ಕಡಿಮೆಯಿರುವ ಏಪ್ರಿಲ್‌ನಲ್ಲಿ ಒಮ್ಮೆ, ಹೊಳೆ ತುಂಬಿದ ಜುಲೈ ಅಥವಾ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಬೇಸಿಗೆಯ ನಡಿಗೆಯಲ್ಲಿ ಮಳಲಿನ ದಿಬ್ಬಗಳು, ಬಂಡೆಸಾಲುಗಳು, ನೀರು ಬತ್ತದ ಮಡುಗಳು ಮತ್ತು ಚರಂಡಿಗಳು ಹೊಳೆಗೆ ಸೇರುವ ಬಾಯಿಗಳು ಕಾಣುತ್ತವೆ. ಮಳೆಗಾಲದಲ್ಲಿ ನೀರು ಏರಿದ ಮಟ್ಟ, ಸೆಳವು ದಂಡೆಯನ್ನು ಕೊರೆಯುವ ತಿರುವುಗಳು ಮತ್ತು ಕಸ ಬಂದು ನಿಲ್ಲುವ ಮೂಲೆಗಳು ತಿಳಿಯುತ್ತವೆ. 2019ರ ಆಗಸ್ಟ್‌ನ ಪ್ರವಾಹದ ಗೆರೆ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ದಂಡೆಯ ಮನೆಗಳವರು ಗೋಡೆ ಮುಟ್ಟಿ ತೋರಿಸಬಲ್ಲರು. ಆ ಗೆರೆಯನ್ನು ನಕ್ಷೆಯಲ್ಲಿ ಬರೆದುಕೊಳ್ಳಬೇಕು.

ಇದೇ ನಡಿಗೆಯಲ್ಲಿ, ಹೊಳೆಯನ್ನು ಈಗಾಗಲೇ ಬಳಸುತ್ತಿರುವವರು ಯಾರೆಂದು ಬರೆದುಕೊಳ್ಳುವುದು ಅತ್ಯಗತ್ಯ. ಬಟ್ಟೆ ಒಗೆಯುವ ಮಡಿವಾಳರು, ಬಲೆ ಬೀಸುವ ಮೀನುಗಾರರು, ದನಗಳಿಗೆ ನೀರು ಕುಡಿಸುವವರು, ಅಪರಕ್ರಿಯೆಗೆ ಬರುವ ಕುಟುಂಬಗಳು, ಸಂಜೆ ಸುಮ್ಮನೆ ಕುಳಿತುಕೊಳ್ಳುವ ಹಿರಿಯರು, ಇವರೆಲ್ಲರಿಗೂ ಹೊಳೆಗೆ ತಮ್ಮದೇ ಕಾಲುದಾರಿಗಳಿವೆ. ಸಾರ್ವಜನಿಕ ಪ್ರವೇಶವನ್ನು ಸುಧಾರಿಸುತ್ತೇವೆಂದು ಬೇಲಿ ಹಾಕಿ, ಟಿಕೆಟ್ ಇಟ್ಟು, ಇಂಥ ಹಳೆಯ ದಾರಿಗಳನ್ನು ಮುಚ್ಚಿದರೆ ಪ್ರವೇಶ ಕಡಿಮೆಯಾಯಿತೆಂದೇ ಅರ್ಥ.

ನೆಲದ ದಾಖಲೆ

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೆಯ ಪ್ರಕರಣದ ಪ್ರಕಾರ ನದಿ, ಹಳ್ಳ, ತೊರೆಗಳು ಮತ್ತು ಸಾರ್ವಜನಿಕ ರಸ್ತೆಗಳು ಸರ್ಕಾರದ ಸ್ವತ್ತು. ಆದರೆ ಹೊಳೆ ಮುಗಿದು ಖಾಸಗಿ ಜಮೀನು ಶುರುವಾಗುವುದು ಎಲ್ಲಿ ಎಂಬುದನ್ನು ಸರ್ವೆಯಿಂದಲೇ ತಿಳಿಯಬೇಕು. ಮೊದಲು ಗ್ರಾಮನಕ್ಷೆಯನ್ನು ಪಡೆದು, ದಂಡೆಯ ಸರ್ವೆ ನಂಬರುಗಳಲ್ಲಿ ‘ಬ’ ಖರಾಬು (ಸಾರ್ವಜನಿಕ ಬಳಕೆಗೆಂದು ಬಿಟ್ಟ, ಸಾಗುವಳಿಗಲ್ಲದ ನೆಲ) ಎಂದು ನಮೂದಾದದ್ದೆಷ್ಟು, ಬಂಡಿದಾರಿ ಅಥವಾ ಕಾಲುದಾರಿಯೆಂದು ಗುರುತಾದ ಗೆರೆಗಳೆಷ್ಟು ಎಂದು ಪಟ್ಟಿ ಮಾಡಬೇಕು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆಯಾದರೂ, ಗಡಿಯನ್ನು ನಿಶ್ಚಯಿಸಲು ಅದು ಸಾಲದು. ಅದಕ್ಕೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಲೇಬೇಕು. ನಕ್ಷೆಯಲ್ಲಿರುವ ಹಳೆಯ ಬಂಡಿದಾರಿ ತೋಟದೊಳಗೆ ಸೇರಿಹೋಗಿದ್ದರೆ, ಅದನ್ನು ಬಿಡಿಸಿಕೊಡುವಂತೆ ತಹಶೀಲ್ದಾರರಿಗೆ ಅರ್ಜಿ ಕೊಡುವುದು ಹೊಸ ದಾರಿಗೆ ಜಮೀನು ಕೊಳ್ಳುವುದಕ್ಕಿಂತ ಅಗ್ಗದ ಕೆಲಸ. ಬೇಗ ಮುಗಿಯುವ ಕೆಲಸವೆಂದು ಮಾತ್ರ ಹೇಳಲಾಗದು.

ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಕಾಗದದ ಮೇಲಷ್ಟೇ ಇರುವ ಸಮಿತಿಯನ್ನು ಎಬ್ಬಿಸಿ, ದಂಡೆಯ ಮರ, ಹಕ್ಕಿ, ಮೀನುಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಿದರೆ, ಮುಂದೆ ಯಾರಾದರೂ ತಡೆಗೋಡೆಗಾಗಿ ಹೊಳೆಮತ್ತಿಯ ಮರಗಳನ್ನು ಕಡಿಯಲು ಬಂದಾಗ ತೋರಿಸಲು ಒಂದು ಅಧಿಕೃತ ಕಾಗದವಿರುತ್ತದೆ.

ದಂಡೆಯನ್ನು ಭಾಗ ಮಾಡುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಜನರೂ ಪ್ರಾಣಿಗಳೂ ಒಂದೇ ಹೊಳೆಯನ್ನು ಹಂಚಿಕೊಳ್ಳಬಹುದು, ಆದರೆ ದಂಡೆಯ ಪ್ರತಿಯೊಂದು ಗಜದಲ್ಲೂ ಅಲ್ಲ. ಆದ್ದರಿಂದ ದಂಡೆಯನ್ನು ಮೂರು ಬಗೆಯ ತುಂಡುಗಳಾಗಿ ವಿಂಗಡಿಸಿಕೊಳ್ಳಬೇಕು. ಜನ ನೀರಿಗೆ ಇಳಿಯುವ ತುಂಡುಗಳು ಕೆಲವೇ ಇರಲಿ, ಅವು ಹಳೆಯ ಘಟ್ಟಗಳಲ್ಲೇ, ಅಂದರೆ ನೀರಿಗಿಳಿಯುವ ಮೆಟ್ಟಿಲುಗಳಿರುವಲ್ಲೇ ಇರಲಿ. ದಾರಿ ಹೊಳೆಯ ಜೊತೆಗೆ ಸಾಗುತ್ತಲೇ ನೀರಿನಿಂದ ದೂರವಿರುವ ತುಂಡುಗಳು ಹೆಚ್ಚಿರಲಿ. ಮೂರನೆಯವು ದಾರಿಯೇ ಇಲ್ಲದ ತುಂಡುಗಳು: ಅಲ್ಲಿಗೆ ಬಂದ ಕಾಲುದಾರಿ ಹೊಳೆಯನ್ನು ಬಿಟ್ಟು ಊರಿನೊಳಗೆ ತಿರುಗಿ, ಮುಂದೆ ಮತ್ತೆ ದಂಡೆಯನ್ನು ಸೇರಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಡದೆ ನೀರಿನ ಅಂಚಿನಲ್ಲೇ ನಡೆಯುವ ದಾರಿ ಉದ್ಘಾಟನೆಯ ದಿನ ಚೆಂದ ಕಾಣುತ್ತದೆ, ಆದರೆ ನೀರುನಾಯಿ ಮರಿ ಹಾಕಲು ಒಂದು ಪೊಟರೆಯನ್ನೂ ಅದು ಉಳಿಸುವುದಿಲ್ಲ.

ಮೂರನೆಯ ಬಗೆಗೆ ಯಾವ ತುಂಡುಗಳನ್ನು ಆರಿಸಬೇಕೆಂಬುದನ್ನು ಪ್ರಾಣಿಗಳೇ ಹೇಳುತ್ತವೆ. ಮಣ್ಣಿನ ಕಡಿದಾದ ದಂಡೆಯಲ್ಲಿ ಮಿಂಚುಳ್ಳಿ, ಕಳ್ಳಿಪೀರಗಳು ಬಿಲ ಕೊರೆದು ಮೊಟ್ಟೆಯಿಡುತ್ತವೆ. ಅಂಥ ದಂಡೆಯನ್ನು ಇಳಿಜಾರು ಮಾಡಲೂಬಾರದು, ಕಲ್ಲು ಹೊದಿಸಲೂಬಾರದು. ಹೊಳೆಯ ನಡುವಿನ ಮಳಲ ದಿಬ್ಬ ಮತ್ತು ಬಂಡೆಗಳ ಮೇಲೆ ನದಿ ರೀವಗಳು ಬೇಸಿಗೆಯಲ್ಲಿ ಗೂಡೂ ಇಲ್ಲದೆ ನೆಲದ ಮೇಲೇ ಮೊಟ್ಟೆಯಿಡುವುದರಿಂದ, ಫೆಬ್ರವರಿಯಿಂದ ಮೇ ವರೆಗೆ ಅಲ್ಲಿಗೆ ಜನ, ನಾಯಿ, ಹರಿಗೋಲು ಯಾವುದೂ ಹೋಗಬಾರದು. ಮಳಲನ್ನು ತೆಗೆಯುವ ಮಾತಂತೂ ದೂರವೇ ಉಳಿಯಿತು. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆಯಲ್ಲಿ, ತುಂಗೆಯ ನಡುವಿನ ಒಂದು ಪುಟ್ಟ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಪಕ್ಕದಲ್ಲೇ ಹೆದ್ದಾರಿಯಿದ್ದರೂ ಹಕ್ಕಿಗಳು ನಿಂತಿರುವುದು, ಸುತ್ತ ನೀರಿದ್ದು ಮರಗಳ ಬುಡಕ್ಕೆ ಯಾರೂ ಹೋಗುವಂತಿಲ್ಲ ಎಂಬ ಒಂದೇ ಕಾರಣದಿಂದ. ದಂಡೆಯಿಂದ ನೋಡುವ ಜಾಗವೊಂದು ಜನರಿಗೆ ಸಾಕು.

ಮಣ್ಣು, ಕಲ್ಲು, ಗಿಡ

ನೇರವಾದ ಕಾಂಕ್ರೀಟ್ ಗೋಡೆ ಒಂದು ಕಡೆಯ ದಂಡೆಯನ್ನು ಕಾಪಾಡುತ್ತಲೇ ನೀರಿನ ರಭಸವನ್ನು ಹೆಚ್ಚಿಸಿ, ಕೆಳಗಿನ ಅಥವಾ ಎದುರಿನ ದಂಡೆಯನ್ನು ಕೊರೆಯುವಂತೆ ಮಾಡುತ್ತದೆ. ಸೆಳವು ನೇರವಾಗಿ ಬಡಿಯುವ ಹೊರತಿರುವಿನಲ್ಲಿ, ಅದೂ ಮನೆ ಅಥವಾ ಸೇತುವೆ ಅಪಾಯದಲ್ಲಿರುವ ಕಡೆ ಮಾತ್ರ ಕಲ್ಲಿನ ರಕ್ಷಣೆ ಬೇಕು. ಅಲ್ಲಿಯೂ ಸಿಮೆಂಟ್ ಹಾಕದೆ ದಪ್ಪ ಕಲ್ಲುಗಳನ್ನು ಸಡಿಲವಾಗಿ ಜೋಡಿಸಿದರೆ ಅಥವಾ ತಂತಿಬಲೆಯಲ್ಲಿ ಕಲ್ಲು ತುಂಬಿ ಇಟ್ಟರೆ, ಸಂದುಗಳಲ್ಲಿ ಏಡಿ, ಮೀನುಮರಿಗಳಿಗೆ ಜಾಗ ಸಿಗುತ್ತದೆ ಮತ್ತು ಬೇರುಗಳು ಇಳಿಯುತ್ತವೆ. ಉಳಿದೆಡೆ ದಂಡೆಯನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಗಿಡಗಳಿಗೇ ಬಿಡಬೇಕು.

ನೆಡುವಿಕೆಯನ್ನು ನೀರಿನ ಮಟ್ಟಕ್ಕೆ ತಕ್ಕಂತೆ ಪಟ್ಟೆಗಳಾಗಿ ಮಾಡಬೇಕು. ವರ್ಷದ ಬಹುಕಾಲ ತೇವವಿರುವ ಅಂಚಿನಲ್ಲಿ ಜೊಂಡು, ಲಾವಂಚ, ಮುಂಡುಗ ಮತ್ತು ಪ್ರವಾಹಕ್ಕೆ ಬಾಗಿ ಮತ್ತೆ ಏಳುವ ಸ್ಥಳೀಯ ಪೊದೆಗಳು. ಅದರ ಮೇಲೆ, ಪ್ರತಿ ವರ್ಷ ಕೆಲವು ದಿನ ಮುಳುಗುವ ಪಟ್ಟೆಯಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ, ನಡುನಡುವೆ ಲಕ್ಕಿ. ಅಪರೂಪಕ್ಕೆ ನೀರು ಬರುವ ಮೇಲ್ದಂಡೆಯಲ್ಲಿ ಹಿಪ್ಪೆ, ಮಾವು, ಬಸರಿ, ಆಲ. ಬೀಜಗಳನ್ನು ಅದೇ ಹೊಳೆಸಾಲಿನ ಹಳೆಯ ಮರಗಳಿಂದ ಆರಿಸಿ ಸಸಿ ಮಾಡಿಕೊಳ್ಳುವುದು ಉತ್ತಮ. ಅತ್ತಿಯ ಹಣ್ಣು ಹಕ್ಕಿಗೂ ಬಾವಲಿಗೂ ಆಹಾರ, ನೀರಿಗೆ ಬಿದ್ದದ್ದು ಮೀನಿಗೆ. ಒಂದೇ ಮರ ನೆಡಲು ಅವಕಾಶವಿದ್ದರೆ ನನ್ನ ಆಯ್ಕೆ ಅದೇ.

ನೆಡುವ ಕಾಲದ ವಿಷಯದಲ್ಲಿ ವನಮಹೋತ್ಸವದ ರೂಢಿಯನ್ನು ಇಲ್ಲಿ ಮುರಿಯಬೇಕಾಗುತ್ತದೆ. ಜೂನ್‌ನಲ್ಲಿ ಕೆಳಪಟ್ಟೆಯಲ್ಲಿ ನೆಟ್ಟ ಸಸಿ ಬೇರು ಹಿಡಿಯುವ ಮೊದಲೇ ಜುಲೈನ ನೀರಿನಲ್ಲಿ ಕೊಚ್ಚಿಹೋಗುತ್ತದೆ. ಆದ್ದರಿಂದ ಮೇಲ್ದಂಡೆಗೆ ಜೂನ್ ಸರಿಯಾದರೂ, ಮುಳುಗುವ ಪಟ್ಟೆಯಲ್ಲಿ ಪ್ರವಾಹ ಇಳಿದ ಮೇಲೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ನೆಟ್ಟು, ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ನೀರುಣಿಸಿ, ಮುಂದಿನ ಮಳೆಗಾಲದ ಹೊತ್ತಿಗೆ ಬೇರು ಆಳಕ್ಕಿಳಿಯುವಂತೆ ನೋಡಿಕೊಳ್ಳಬೇಕು. ನೀಲಗಿರಿ, ಅಕೇಶಿಯಾ, ಸುಬಾಬುಲ್ ಬೇಡ. ಲಂಟಾನವನ್ನು ಬೇರುಸಹಿತ ಕೀಳುವುದು ಸರಿಯೇ, ಆದರೆ ಒಂದೇ ಬಾರಿಗೆ ಇಡೀ ದಂಡೆಯನ್ನು ಬೋಳು ಮಾಡದೆ, ಕಿತ್ತ ಜಾಗದಲ್ಲಿ ನೆಟ್ಟದ್ದು ಬೆಳೆದ ಮೇಲೆ ಮುಂದಿನ ತುಂಡಿಗೆ ಹೋಗಬೇಕು. ಹುಲ್ಲುಹಾಸಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ: ಅದಕ್ಕೆ ನೀರು, ಗೊಬ್ಬರ, ಕೂಲಿ ಎಲ್ಲವೂ ಬೇಕು, ಅದರಿಂದ ಹೊಳೆಯ ಯಾವ ಜೀವಿಗೂ ಉಪಯೋಗವಿಲ್ಲ.

ದಾರಿ ಮತ್ತು ಘಟ್ಟ

ಮೊರಂ ಅಥವಾ ಸಣ್ಣ ಜಲ್ಲಿಯನ್ನು ದಮ್ಮಸು ಮಾಡಿದ, ನೀರು ಇಂಗುವ ದಾರಿ ಸಾಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು 1.8 ಮೀಟರ್ ಅಗಲ ಬೇಕು. ಗಾಲಿಕುರ್ಚಿಗೆ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಅಂದರೆ 3 ಮೀಟರ್ ಕೆಳಗಿಳಿಯಲು ನಡುವಿನ ತಂಗುಜಾಗಗಳನ್ನು ಬಿಟ್ಟೇ 36 ಮೀಟರ್ ಉದ್ದದ ರ‍್ಯಾಂಪ್ ಬೇಕಾಗುತ್ತದೆ. ಎಲ್ಲ ಘಟ್ಟಗಳಲ್ಲೂ ಇದು ಸಾಧ್ಯವಾಗದು, ಆದರೆ ದಂಡೆ ಸಹಜವಾಗಿ ತಗ್ಗಿರುವ ಒಂದು ಕಡೆಯಾದರೂ ಮಾಡಲೇಬೇಕು. ಘಟ್ಟದ ಮೆಟ್ಟಿಲು 15 ಸೆಂಟಿಮೀಟರ್ ಎತ್ತರ, 30 ಸೆಂಟಿಮೀಟರ್ ಅಗಲವಿದ್ದರೆ ವಯಸ್ಸಾದವರಿಗೆ ಹಿತ. ನೀರೊಳಗಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟುವುದರಿಂದ ಒರಟು ಕಲ್ಲು, ಹಿಡಿಯಲು ಸರಪಳಿ, ಆಳ ತಿಳಿಸುವ ಕಂಬ ಇರಬೇಕು. ಹೆಂಗಸರು ಬಟ್ಟೆ ಬದಲಿಸುವ ಕೋಣೆ ಮತ್ತು ಶೌಚಾಲಯಗಳನ್ನು ಪ್ರವಾಹದ ಗೆರೆಯ ಮೇಲೆಯೇ ಕಟ್ಟಬೇಕು.

ಮೇಲೆ ಅಣೆಕಟ್ಟೆಯಿರುವ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಗಾಜನೂರಿನಲ್ಲಿ ಗೇಟು ತೆರೆದರೆ ಶಿವಮೊಗ್ಗದಲ್ಲಿ ಮಳೆಯಿಲ್ಲದ ಹೊತ್ತಿನಲ್ಲೂ ನೀರು ಏರಬಹುದು. ಅಣೆಕಟ್ಟೆಯ ಅಧಿಕಾರಿಗಳಿಂದ ನಗರಾಡಳಿತಕ್ಕೆ ಸೂಚನೆ ಬಂದ ಕೂಡಲೇ ಘಟ್ಟದಲ್ಲಿ ಸೈರನ್ ಮೊಳಗುವ ವ್ಯವಸ್ಥೆಯಾಗದೆ ಹೊಸ ಘಟ್ಟವನ್ನು ಜನರಿಗೆ ತೆರೆಯಬಾರದು.

ರಾತ್ರಿಯ ಬೆಳಕು ಮೊಣಕಾಲೆತ್ತರದಲ್ಲಿ, ನೆಲಕ್ಕೆ ಮಾತ್ರ ಬೀಳುವಂತೆ, ಹಳದಿ ಬಣ್ಣದ್ದಾಗಿರಲಿ. ಜನಸಂಚಾರ ನಿಂತ ಮೇಲೆ ಆರಲಿ. ಇರುಳು ಬಕ, ಬಾವಲಿ, ನೀರುನಾಯಿಗಳು ಮೇವಿಗೆ ಹೊರಡುವುದು ಕತ್ತಲಾದ ಮೇಲೆ.

ನೀರು

ಚರಂಡಿಯ ನೀರು ಸೇರುವ ಹೊಳೆಗೆ ಮೆಟ್ಟಿಲು ಕಟ್ಟುವುದೆಂದರೆ ಜನರನ್ನು ರೋಗಕ್ಕೆ ಕರೆದಂತೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಿರಬಾರದು, ಬಿಒಡಿ, ಅಂದರೆ ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ, 3 ಮಿಲಿಗ್ರಾಂ ಮೀರಬಾರದು. ಮಲಮೂಲದ ಕೋಲಿಫಾರಂ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ 500ರೊಳಗಿದ್ದರೆ ಒಳ್ಳೆಯದು, 2500 ಮೀರಲೇಬಾರದು. ಘಟ್ಟದ ಜಾಗವನ್ನು ನಿಶ್ಚಯಿಸುವ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ, ಬೇಸಿಗೆಯ ನೀರನ್ನೇ ಪರೀಕ್ಷೆ ಮಾಡಿಸಬೇಕು. ಬೇಸಿಗೆಯ ನಡಿಗೆಯಲ್ಲಿ ಗುರುತಿಸಿದ ಪ್ರತಿ ಚರಂಡಿಬಾಯಿಗೂ ಒಂದು ನಂಬರು ಕೊಟ್ಟು, ಒಳಚರಂಡಿಗೆ ಸೇರಿಸಬೇಕಾದವು ಯಾವುವು, ಜಾಲರಿ ಹಾಕಿ ಕಸ ತಡೆದರೆ ಸಾಕಾಗುವ ಮಳೆನೀರಿನ ಕಾಲುವೆಗಳು ಯಾವುವು ಎಂದು ಬೇರ್ಪಡಿಸಿ ನಗರಸಭೆಗೆ ಕೊಡಬೇಕು.

ಪೂಜೆಯ ಹೂವು, ಬಿಟ್ಟುಹೋದ ಬಟ್ಟೆಗಳಿಗೆ ಘಟ್ಟದ ಮೇಲೆಯೇ ತೊಟ್ಟಿಗಳನ್ನಿಟ್ಟು, ಅಲ್ಲಿನ ಅರ್ಚಕರ ಬಾಯಿಂದಲೇ ಹೇಳಿಸುವುದು ಹಲಗೆ ಬರೆಸುವುದಕ್ಕಿಂತ ಫಲಕಾರಿ. ಇದೇ ತುಂಗೆಯ ಮೇಲ್ಭಾಗದಲ್ಲಿ, ಶೃಂಗೇರಿಯ ಘಟ್ಟದಲ್ಲಿಯೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಮೀನುಗಳನ್ನು ಜನ ದೇವರ ಮೀನುಗಳೆಂದು ಹಿಡಿಯದೆ ಕಾಪಾಡಿದ್ದಾರೆ. ಊರಿನ ಒಂದು ಮಡುವನ್ನಾದರೂ ಮೀನುಗಾರರೇ ಒಪ್ಪಿ ಬಲೆ ಹಾಕದೆ ಬಿಟ್ಟರೆ, ಅಲ್ಲಿ ಬೆಳೆದ ಮೀನು ಉಳಿದ ಹೊಳೆಗೂ ಹರಡುವುದರಿಂದ ಅವರಿಗೂ ನಷ್ಟವಿಲ್ಲ. ಆದರೆ ಆ ಮಡು ಯಾವುದೆಂದು ಹೇಳಬೇಕಾದವರು ಅವರೇ.

ಲೆಕ್ಕ ಇಡುವುದು

ತಿಂಗಳಿಗೊಮ್ಮೆ, ಅದೇ ಐದಾರು ಜಾಗಗಳಲ್ಲಿ, ಬೆಳಗಿನ ಅದೇ ಹೊತ್ತಿಗೆ ನಿಂತು ಹಕ್ಕಿಗಳನ್ನೂ ದಾರಿಯಲ್ಲಿ ನಡೆದವರನ್ನೂ ಎಣಿಸಿ ಬರೆದಿಡಬೇಕು. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಮಾಡಬಲ್ಲರು. ನೀರುನಾಯಿ ಕಣ್ಣಿಗೆ ಬೀಳುವುದು ಅಪರೂಪವಾದ್ದರಿಂದ ಅದರ ಹಿಕ್ಕೆಯನ್ನು ಹುಡುಕಬೇಕು: ನೀರಿನಂಚಿನ ಎತ್ತರದ ಬಂಡೆಯ ಮೇಲೆ, ಮೀನಿನ ಹುರುಪೆ ಮತ್ತು ಏಡಿಯ ಚಿಪ್ಪಿನ ಚೂರುಗಳು ತುಂಬಿದ, ಗಾಢವಾದ ಮೀನುವಾಸನೆಯ ಹಿಕ್ಕೆ ಪ್ರತಿ ಸಲ ಅದೇ ಬಂಡೆಯ ಮೇಲೆ ಸಿಗುತ್ತಿದ್ದರೆ ಆ ಬಂಡೆಯ ಹತ್ತಿರ ದಾರಿ ಸುಳಿಯದಂತೆ ನಕ್ಷೆಯನ್ನು ತಿದ್ದಬೇಕು. ಮೊದಲ ಪ್ರವಾಹ ಇಳಿದ ವಾರದಲ್ಲಿ ಮತ್ತೆ ದಂಡೆಯುದ್ದಕ್ಕೂ ನಡೆದು, ಕೊಚ್ಚಿಹೋದ ಸಸಿಗಳನ್ನೂ ಕುಸಿದ ಮೆಟ್ಟಿಲುಗಳನ್ನೂ ಗುರುತು ಹಾಕಿಕೊಂಡು, ಸತ್ತ ಸಸಿಯ ಜಾಗದಲ್ಲಿ ಬೇರೆ ಜಾತಿಯನ್ನು ಅಕ್ಟೋಬರ್‌ಗೆ ಸಿದ್ಧಪಡಿಸಿಕೊಳ್ಳಬೇಕು.